ಒಂದು ಡ್ರಮ್ ನೀಲಿಯ ಕಳವು

ಏರು ಬೀದಿಯ ತುತ್ತತುದಿಯ ಮನೆಯವನನ್ನು ಯಾರಾದರೂ ಪೇಂಟರ್ ಎಂದು ಕರೆದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಪೇಂಟರ್ ಎಂದರೆ ಕಿಟಕಿ ಬಾಗಿಲಿಗೆ ಬಣ್ಣ ಬಳಿಯುವವನು; ತಾನು ಗೋಡೆ ಮೇಲೆ, ಬೋರ್ಡಿನ ಮೇಲೆ ಅಕ್ಷರ ಬರೆಯುವವನು, ಆದ್ದರಿಂದ ಆರ್ಟಿಸ್ಟ್. ಇದನ್ನು ಅವನು ಬೀದಿಯವರಿಗೆ ಎಷ್ಟು ಸಲ ಬಿಡಿಸಿ ಹೇಳಿದ್ದನೆಂದರೆ, ಅವರು ಬೇಸತ್ತು ಅವನಿಗೆ ಆರ್ಟಿಸ್ಟ್ ಎಂದೇ ಹೆಸರಿಟ್ಟುಬಿಟ್ಟರು. ಹಾಗೆ ಕರೆಯುವಾಗ ಅವರೆಲ್ಲ ತುಟಿ ಬಿಗಿಹಿಡಿದು ನಗು ತಡೆದುಕೊಳ್ಳುತ್ತಿದ್ದರು. ಅವನು ಅದನ್ನು ಭಯಭಕ್ತಿ ಎಂದು ತಿಳಿದಿದ್ದ.

ಅವನ ಅಕ್ಷರ ಮುತ್ತಿನಂತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ವಿಶೇಷ: ತಾನು ಬರೆದದ್ದನ್ನು ಅವನು ಓದುತ್ತಿರಲಿಲ್ಲ. ಓದಲು ಬಾರದೆಂದಲ್ಲ. ದಿನಾ ಬೆಳಿಗ್ಗೆ ಪೇಪರನ್ನು ಕೊನೆಯ ಪುಟದ ಜಾಹೀರಾತಿನವರೆಗೂ ಓದಿ, ಅದರ ಮೇಲೆ ಹೆಂಡತಿಗೆ ಭಾಷಣವನ್ನೂ ಕೊಡುತ್ತಿದ್ದ. ಬ್ರಷ್ ಕೈಗೆ ಬಂತೆಂದರೆ ಮಾತ್ರ ಅಕ್ಷರವೆಂಬುದು ಅವನಿಗೆ ಬರೀ ಉಬ್ಬು, ತಗ್ಗು, ಕೊಂಡಿ. "ಅರ್ಥ ನೋಡ್ಕೊಂಡು ಬರೆದ್ರೆ ಗೆರೆ ಸೊಟ್ಟ ಆಗುತ್ತೆ" ಎಂಬುದು ಅವನ ಸಿದ್ಧಾಂತ. ಈ ಸಿದ್ಧಾಂತದ ಬಲದಿಂದಲೇ ಆಸ್ಪತ್ರೆಯ ಗೋಡೆಗೆ 'ನಿಶ್ಶಬ್ದವಾಗಿರಿ' ಎಂದು ಬರೆಯುವಾಗ ಮೇಲಿನ ಮಹಡಿಯ ರೋಗಿಗಳೆಲ್ಲ ಎದ್ದು ಕೂರುವಂತೆ ಹಾಡು ಹೇಳಿದ್ದ. 'ಇಲ್ಲಿ ಸೈಕಲ್ ನಿಲ್ಲಿಸಬೇಡಿ' ಎಂದು ಬರೆದು ಮುಗಿಸಿ, ಬಣ್ಣ ಒಣಗುವ ಮೊದಲೇ ತನ್ನ ಸೈಕಲ್ಲನ್ನು ಅದಕ್ಕೇ ಒರಗಿಸಿ ಕಾಫಿಗೆ ಹೋಗಿದ್ದ. ಬಂದು ನೋಡಿದರೆ 'ಬೇಡಿ' ಎಂಬುದು ಹ್ಯಾಂಡಲ್ಲಿಗೆ ಅಂಟಿಕೊಂಡಿತ್ತು. ಅಂದಿನಿಂದ ಊರಿನ ಸೈಕಲ್ಲುಗಳೆಲ್ಲ ಅಲ್ಲೇ ನಿಲ್ಲುತ್ತವೆ.

ಇಂಥವನ ಹೆಂಡತಿಯ ತಮ್ಮ ನೀರಿನ ಇಲಾಖೆಯಲ್ಲಿ ಇಂಜಿನಿಯರ್. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಏರು ಬೀದಿಯ ನೀರಿನ ಜವಾಬ್ದಾರಿ ಮಾತ್ರ ಪೂರ್ತಿ ಅವನ ತಲೆಯ ಮೇಲಿತ್ತು. ಅವನಿಗೆ ಒಂದೇ ಚಿಂತೆ. ಜನ ನಲ್ಲಿಗೆ ರಬ್ಬರ್ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಕೆಟ್ಟಿನಲ್ಲೋ ತೊಟ್ಟಿಯಲ್ಲೋ ಮುಳುಗಿಸಿ ಹೋಗಿಬಿಡುತ್ತಾರೆ. ಅಷ್ಟರಲ್ಲಿ ಮೇಲಿಂದ ನೀರು ನಿಂತರೆ, ಬಕೆಟ್ಟಿನಲ್ಲಿದ್ದದ್ದು ಪೈಪಿನೊಳಗೆ ವಾಪಸ್ ಹತ್ತಿ, ಬೀದಿಯ ದೊಡ್ಡ ಕೊಳವೆಗೆ ಇಳಿದು, ಅಕ್ಕಪಕ್ಕದವರ ಲೋಟಕ್ಕೆ ಬಂದು ಸೇರುತ್ತದೆ. ಇದಕ್ಕೆ ಪ್ರತಿ ಮನೆಯ ಕೊಳಾಯಿಗೂ ಒನ್-ವೇ ವಾಲ್ವ್ ಹಾಕಬೇಕು, ನೀರು ಮನೆಯೊಳಕ್ಕೆ ಹೋಗಬೇಕೇ ಹೊರತು ಆಚೆ ಬರಬಾರದು ಎಂದು ಅವನು ದೊಡ್ಡ ಸಾಹೇಬರ ಕಾಲಿಗೆ ಬೀಳುವುದೊಂದನ್ನು ಬಾಕಿ ಇಟ್ಟು ಕೇಳಿಕೊಂಡಿದ್ದ.

"ವಾಲ್ವು ಗೀಲ್ವು ಎಲ್ಲಾ ಯಾಕಯ್ಯಾ?" ಎಂದಿದ್ದರು ದೊಡ್ಡ ಸಾಹೇಬರು. "ಗೋಡೆ ಮೇಲೆ ಬರೆಸು. ಜನ ಓದಿ ತಿದ್ಕೋತಾರೆ."

ಜನ ಗೋಡೆ ಓದಿ ತಿದ್ದಿಕೊಳ್ಳುವಂತಿದ್ದರೆ ಈ ಭೂಮಿಯ ಮೇಲೆ ಒಂದು ಕಾಂಪೌಂಡ್ ಗೋಡೆಯೂ ಒದ್ದೆಯಾಗುತ್ತಿರಲಿಲ್ಲ. ಆದರೆ ದೊಡ್ಡ ಸಾಹೇಬರ ಮುಂದೆ ಇದನ್ನು ಹೇಳುವ ಗಂಡೆದೆ ಯಾರಿಗಿದೆ? ಇಂಜಿನಿಯರ್ ತೆಪ್ಪಗೆ ಬಂದು ಭಾವನಿಗೆ ಕೆಲಸ ಕೊಟ್ಟ. ಏರು ಬೀದಿಯ ಉದ್ದಕ್ಕೂ ಇದ್ದ ಗೋಡೆಗಳ ಮೇಲೆಲ್ಲ ಆಕಾಶನೀಲಿಯ ಹಿನ್ನೆಲೆ ಬಳಿದು, ಆರ್ಟಿಸ್ಟ್ ಬಿಳಿಯ ಅಕ್ಷರದಲ್ಲಿ ಬರೆದುಕೊಂಡು ಬಂದ: 'ಪೈಪಿನ ತುದಿಯನ್ನು ನೀರಿನಲ್ಲಿ ಮುಳುಗಿಸಬೇಡಿ. ನಿಮ್ಮ ಮನೆಯ ಕೊಳೆ ಊರ ಬಾಯಿಗೆ ಹೋದೀತು!'

"ಏನ್ರೀ ಬರೀತಿರೋದು?" ಎಂದು ಹೆಂಡತಿ ಕೇಳಿದ್ದಕ್ಕೆ, "ಎರಡು ಸಾಲು. ಎರಡನೇದು ಒಂಚೂರು ಉದ್ದ" ಎಂದಿದ್ದ.

ಕೊನೆಗೂ ಆ ದಿನ ಬಂತು. ದೊಡ್ಡ ಸಾಹೇಬರು ಏರು ಬೀದಿಯನ್ನು ನೋಡಲು ಬರುತ್ತಾರೆ, ಗೋಡೆ ಬರಹಗಳನ್ನು ಮೆಚ್ಚುತ್ತಾರೆ, ಎಲ್ಲರ ಎದುರಿಗೆ ಬೀದಿಯ ನಲ್ಲಿಯಿಂದ ಒಂದು ಲೋಟ ನೀರು ಹಿಡಿಸಿ ಕುಡಿಯುತ್ತಾರೆ. ಎಲ್ಲ ಸುಸೂತ್ರವಾದರೆ ಇಂಜಿನಿಯರನ ಕೆಲಸ ಕಾಯಂ. ಎಡವಟ್ಟಾದರೆ ಮನೆಗೆ.

"ನೋಡ್ರೀ" ಎಂದಳು ಹೆಂಡತಿ, ಗಂಡನ ಕಾಫಿ ಲೋಟವನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡು. "ಇವತ್ತೊಂದು ದಿನ ನಿಮ್ಮ ಕಲೆ, ನಿಮ್ಮ ಸಿದ್ಧಾಂತ ಎಲ್ಲಾ ಕಟ್ಟಿಡಿ. ಅವನು ಎಷ್ಟು ಒದ್ದಾಡಿದ್ದಾನೆ ಅಂತ ನನಗೆ ಗೊತ್ತು. ನನ್ನ ತಮ್ಮನ ಕೆಲಸಕ್ಕೆ ಏನಾದ್ರೂ ಆಯ್ತೋ, ಈ ಮನೇಲಿ ನಿಮಗೂ ಜಾಗ ಇಲ್ಲ, ನಿಮ್ಮ ಬ್ರಷ್‌ಗಳಿಗೂ ಜಾಗ ಇಲ್ಲ."

"ನಾನೇನೇ ಮಾಡ್ತೀನಿ? ನಾನು ಬರೀ ಅಕ್ಷರ ಬರೆಯೋನು."

"ಅದಕ್ಕೇ ಭಯ" ಎಂದು ಅವಳು ಕಾಫಿ ಕೊಟ್ಟಳು.

ಬೀದಿಯ ಮೂಲೆಯಲ್ಲಿ ಇನ್ನೊಂದು ಗೋಡೆಗೆ ನೀಲಿ ಬಳಿಯುವುದು ಬಾಕಿಯಿತ್ತು. ಸಾಹೇಬರು ಬರುವ ಮೊದಲು ಅದನ್ನೂ ಮುಗಿಸಿಬಿಡಬೇಕೆಂದು ಆರ್ಟಿಸ್ಟ್ ಅಂಗಳದಲ್ಲಿದ್ದ ದೊಡ್ಡ ಡ್ರಮ್ಮಿಗೆ ನೀಲಿ ಪುಡಿ ಸುರಿದ, ಅಂಟು ಕರಗಿಸಿ ಹಾಕಿದ, ನಲ್ಲಿಗೆ ರಬ್ಬರ್ ಪೈಪು ಸಿಕ್ಕಿಸಿದ. ಇಲ್ಲಿ ಅವನ ವೃತ್ತಿಯ ಗುಟ್ಟೊಂದನ್ನು ಹೇಳಬೇಕು. ಬಣ್ಣಕ್ಕೆ ನೀರನ್ನು ಮೇಲಿಂದ ಬಿಟ್ಟರೆ ನೊರೆ ಏಳುತ್ತದೆ. ನೊರೆಯಿದ್ದರೆ ಗೋಡೆಯ ಮೇಲೆ ಗುಳ್ಳೆ ಬರುತ್ತದೆ. ಆದ್ದರಿಂದ ಅವನು ಪೈಪಿನ ತುದಿಗೆ ಒಂದು ಇಟ್ಟಿಗೆ ಕಟ್ಟಿ ಡ್ರಮ್ಮಿನ ತಳಕ್ಕೆ ಇಳಿಬಿಡುತ್ತಿದ್ದ. ನೀರು ತಳದಿಂದ ಮೆಲ್ಲಗೆ ಏರುತ್ತಿತ್ತು, ಬಣ್ಣ ತನ್ನಷ್ಟಕ್ಕೆ ಕದಡುತ್ತಿತ್ತು. ಈ ಉಪಾಯ ಅವನ ಸ್ವಂತದ್ದು. ಬೇರೆ ಯಾವ ಆರ್ಟಿಸ್ಟಿಗೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಡ್ರಮ್ ಹೆಚ್ಚುಕಡಿಮೆ ತುಂಬಿತ್ತು. ಇನ್ನೊಂದು ಗೇಣು ತುಂಬಲಿ ಎಂದು ನಲ್ಲಿಯನ್ನು ಹಾಗೇ ಬಿಟ್ಟು, ಅವನು ನೀಲಿಯ ಅಂಚು ನೇರ ಬರಲೆಂದು ಮೂಲೆಯ ಗೋಡೆಗೆ ಸೀಮೆಸುಣ್ಣದ ದಾರ ಹೊಡೆಯಲು ಹೊರಟ.

ಅದೇ ಹೊತ್ತಿಗೆ, ಬೀದಿಯ ತಲೆಯಲ್ಲಿರುವ ದೊಡ್ಡ ವಾಲ್ವಿನ ಹತ್ತಿರ ಇಂಜಿನಿಯರ್ ಹಣೆ ಚಚ್ಚಿಕೊಳ್ಳುತ್ತಿದ್ದ. ವಾಲ್ವ್ ತೊಟ್ಟಿಕ್ಕುತ್ತಿತ್ತು. ಸಾಹೇಬರ ಬೂಟಿನ ಮೇಲೆ ಒಂದು ಹನಿ ಬಿದ್ದರೂ ತನ್ನ ಕಥೆ ಮುಗಿಯಿತೆಂದು, ಬೀದಿಯವರಿಗೆ ತಿಳಿಸುವುದನ್ನೂ ಮರೆತು ನೀರನ್ನು ನಿಲ್ಲಿಸಿದ. ಹೊಸ ವಾಷರ್ ಹಾಕಿಸಿ ಮತ್ತೆ ಬಿಟ್ಟ. ಸ್ವಲ್ಪ ಹೊತ್ತಿನ ಕೆಲಸ. ಆ ಸ್ವಲ್ಪ ಹೊತ್ತಿನಲ್ಲಿ ಇಳಿಜಾರಿನ ಮನೆಗಳ ನಲ್ಲಿಗಳೆಲ್ಲ ತೆರೆದೇ ಇದ್ದವು. ಮೇಲಿಂದ ನೀರಿಲ್ಲ, ಕೆಳಗಿನವರು ಎಳೆಯುತ್ತಿದ್ದಾರೆ. ಕೊಳವೆ ಏನು ಮಾಡೀತು? ಎಳನೀರಿಗೆ ಕೊಳವೆ ಹಾಕಿ ಹೀರಿದಂತೆ, ತುತ್ತತುದಿಯ ಮನೆಯ ಡ್ರಮ್ಮನ್ನು ಇಟ್ಟಿಗೆಯವರೆಗೂ ಹೀರಿತು. ಹೀರಿ ಬೀದಿಗೆಲ್ಲ ಹಂಚಿತು. ನೀರು ಮತ್ತೆ ಬಂದಾಗ ಪೈಪು ಒದರಿಕೊಂಡು ನಲ್ಲಿಯಿಂದ ಕಳಚಿ ನೆಲದ ಮೇಲೆ ಬಿತ್ತು.

ಆರ್ಟಿಸ್ಟ್ ವಾಪಸ್ ಬಂದು, ತಿಳಿನೀರು ಸುರಿಯುತ್ತಿದ್ದ ನಲ್ಲಿಯನ್ನು ನಿಲ್ಲಿಸಿ, ಡ್ರಮ್ಮಿನೊಳಗೆ ಬಗ್ಗಿ ನೋಡಿದ. ತಳದಲ್ಲಿ ಇಟ್ಟಿಗೆ ಕೂತಿತ್ತು. ಅದೂ ನೀಲಿಯಾಗಿತ್ತು. ಬೇರೇನೂ ಇರಲಿಲ್ಲ.

ಡ್ರಮ್ಮನ್ನು ಬಡಿದು ನೋಡಿದ. ಎತ್ತಿ ನೋಡಿದ. ಅದರ ಕೆಳಗೆ ಮಲಗಿ ತೂತು ಹುಡುಕಿದ. ತೂತಿಲ್ಲ. ಅಂಗಳದಲ್ಲಿ ಒಂದು ಹನಿ ನೀಲಿ ಚೆಲ್ಲಿಲ್ಲ.

"ಕಳ್ಳತನ!" ಎಂದು ಕೂಗಿದ.

ಹೆಂಡತಿ ಓಡಿ ಬಂದಳು. "ಏನು ಹೋಯ್ತು?"

"ಒಂದು ಡ್ರಮ್ ನೀಲಿ!"

"ಬಣ್ಣದ ನೀರನ್ನ ಯಾರ್ರೀ ಕದೀತಾರೆ? ಕದಿಯೋದಾದ್ರೆ ಡ್ರಮ್ಮೇ ಎತ್ಕೊಂಡು ಹೋಗ್ತಿದ್ರು."

"ಅದೇ ಅವನ ಜಾಣತನ. ಒಂದು ಹನಿ ಚೆಲ್ಲಿಲ್ಲ ನೋಡು. ಇವನು ಸಾಮಾನ್ಯ ಕಳ್ಳ ಅಲ್ಲ ಕಣೇ. ಬಣ್ಣದ ಮರ್ಯಾದೆ ಗೊತ್ತಿರೋನು."

ಹೆಂಡತಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಲುಂಗಿಯನ್ನು ಮೇಲಕ್ಕೆ ಕಟ್ಟಿ ಬೀದಿಗೆ ಇಳಿದಿದ್ದ.

ಪಕ್ಕದ ಮನೆಯವರು ನಿವೃತ್ತ ಗಣಿತದ ಮೇಷ್ಟ್ರು. ಎದೆಯುದ್ದದ ಹಾಲುಬಿಳುಪಿನ ಗಡ್ಡವೇ ಅವರ ಜೀವನದ ಸಂಪಾದನೆ. ದಿನಾ ಬೆಳಿಗ್ಗೆ ಅದನ್ನು ತೊಳೆದು, ಒಣಗಿಸಿ, ಆಮೇಲೆ ಕನ್ನಡಕ ಹಾಕಿಕೊಳ್ಳುವುದು ಅವರ ಕ್ರಮ. ಬಾಗಿಲು ಬಡಿದದ್ದಕ್ಕೆ ಕನ್ನಡಕವಿಲ್ಲದೆಯೇ ಬಂದು ತೆರೆದರು. ಗಡ್ಡ ಬೇಸಿಗೆಯ ಆಕಾಶದಂತೆ ಕಾಣುತ್ತಿತ್ತು.

"ಏನಪ್ಪಾ ಆರ್ಟಿಸ್ಟ್, ಬೆಳಿಗ್ಗೆ ಬೆಳಿಗ್ಗೇನೇ?"

ಆರ್ಟಿಸ್ಟ್ ಗಡ್ಡವನ್ನೇ ನೋಡಿದ. ಇವರ ಹತ್ತಿರವೇ ಅವನು ಮಗ್ಗಿ ಕಲಿತದ್ದು. "ಮೇಷ್ಟ್ರೇ... ನೀವಾ?"

"ನಮ್ಮನೇಲಿ ನಾನಲ್ದೆ ಇನ್ಯಾರಿರ್ತಾರೆ?"

"ನಾನು ಗಡ್ಡದ ವಿಷ್ಯ ಕೇಳ್ತಿರೋದು."

ಗಡ್ಡದ ಮಾತೆತ್ತಿದರೆ ಮೇಷ್ಟ್ರ ಮುಖ ಅರಳುತ್ತಿತ್ತು. "ಈಗ ತಾನೇ ತೊಳೆದೆ. ಇವತ್ತು ಒಂಥರಾ ಹೊಸ ಕಳೆ ಬಂದಿರೋ ಹಾಗಿದೆ, ಅಲ್ವಾ?"

"ಬರದೆ ಏನು! ಒಳ್ಳೇ ಮಾಲು ಅದು. ಬಿಸಿಲು ಮಳೇಲಿ ಗೋಡೆ ಮೇಲಿದ್ರೂ ಮಾಸಲ್ಲ."

"ಗಡ್ಡ ಗೋಡೆ ಮೇಲೆ ಯಾಕಿರುತ್ತೆ?"

"ಮಾತು ಮರೆಸ್ಬೇಡಿ ಮೇಷ್ಟ್ರೇ. ಎಷ್ಟು ತಗೊಂಡ್ರಿ?"

"ಎಷ್ಟು ತಗೋತೀನಿ? ಗಡ್ಡಕ್ಕೆ ಎರಡು ಚೊಂಬು, ಮುಖಕ್ಕೆ ಒಂದು. ಮಾತ್ರೆ ನುಂಗೋಕೆ ಅರ್ಧ ಲೋಟ."

"ಮಾತ್ರೇಗೂ ಅದೇನಾ!" ಎಂದು ಆರ್ಟಿಸ್ಟ್ ಬೆಚ್ಚಿದ. "ಮಿಕ್ಕಿದ್ದು?"

"ಮಿಕ್ಕಿದ್ದನ್ನ ಯಾರು ಬೇಕಾದ್ರೂ ಹಿಡ್ಕೋಬಹುದಪ್ಪ. ಇಡೀ ಬೀದಿಗೆ ಸೇರಿದ್ದಲ್ವಾ ಅದು?"

ನೀರಿನ ಬಗ್ಗೆ ಮೇಷ್ಟ್ರು ಹೇಳಿದ್ದು ಅಕ್ಷರಶಃ ನಿಜ. ಆದರೆ ಆರ್ಟಿಸ್ಟ್ ತಿಳಿದುಕೊಂಡದ್ದೇ ಬೇರೆ. ಕದ್ದವರು ಒಬ್ಬರಲ್ಲ. ಪಾಲು ಹಂಚಿಕೆಯಾಗಿದೆ.

ಮೂರನೇ ಮನೆ ಲಾಂಡ್ರಿ. ಅದರ ಹಣೆಯ ಮೇಲೆ 'ಹಾಲಿನಂಥ ಬಿಳುಪು' ಎಂದು ಬರೆದವನೂ ಇದೇ ಆರ್ಟಿಸ್ಟ್. ಒಳಗೆ ತಂತಿಯ ಮೇಲೆ ಆಸ್ಪತ್ರೆಯ ಡಾಕ್ಟರುಗಳ ಕೋಟುಗಳು ಸಾಲಾಗಿ ತೂಗುತ್ತಿದ್ದವು. ಎಲ್ಲವೂ ಆಕಾಶನೀಲಿ. ಕೋಟು ಒಯ್ಯಲು ಬಂದ ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಲಾಂಡ್ರಿಯ ಯಜಮಾನನ ಮುಖದಲ್ಲಿ ಬೆವರು ಧಾರಾಕಾರ. ನೀರು ನೀಲಿಯಾಗಿ ಬಂದದ್ದು ಅವನಿಗೆ ಗೊತ್ತಾಗುವ ಹೊತ್ತಿಗೆ ಕೋಟುಗಳು ತೊಟ್ಟಿಯಲ್ಲಿದ್ದವು. ನಿಜ ಹೇಳಿದರೆ ಆಸ್ಪತ್ರೆಯ ಗಿರಾಕಿ ಕೈಬಿಟ್ಟುಹೋಗುತ್ತದೆ.

"ಇದೇನ್ರೀ ಇದು?" ಎಂದಳು ನರ್ಸಮ್ಮ.

"ಹೊಸ ಫಿನಿಶ್ ಮೇಡಂ" ಎಂದ ಯಜಮಾನ, ಒಂದೇ ಉಸಿರಿಗೆ. "ಬರೀ ಬಿಳಿ ನೋಡಿ ನೋಡಿ ರೋಗಿಗಳಿಗೆ ಹೆದರಿಕೆ ಆಗುತ್ತಂತೆ. ಇದು ಕಣ್ಣಿಗೆ ತಂಪು. ಈಗ ಎಲ್ಲಾ ಕಡೆ ಇದೇ ನಡೀತಿರೋದು."

"ಯಾರು ಹೇಳಿದ್ದು ನಿಮಗೆ?"

"ಯಾರು ಹೇಳ್ಬೇಕು? ನಾನೇ ಕಂಡುಹಿಡಿದಿದ್ದು. ತಿಂಗಳುಗಟ್ಟಲೆ ನಿದ್ದೆಗೆಟ್ಟು ತಯಾರು ಮಾಡಿದ ಬಣ್ಣ."

"ಏನು ಹಾಕ್ತೀರಿ ಇದಕ್ಕೆ?"

"ಅದೊಂದು ಮಾತ್ರ ಕೇಳ್ಬೇಡಿ. ಗುಟ್ಟು."

"ಗುಟ್ಟು ನಾನು ಹೇಳ್ಲಾ?" ಎಂದು ಬಾಗಿಲಲ್ಲಿ ಆರ್ಟಿಸ್ಟ್ ಗುಡುಗಿದ. "ಪುಡಿ ನಂದು, ಅಂಟು ನಂದು, ಡ್ರಮ್ಮೂ ನಂದು!"

ಯಜಮಾನನಿಗೆ ತಲೆಬುಡ ಅರ್ಥವಾಗಲಿಲ್ಲ. ನರ್ಸಮ್ಮನ ಬೆನ್ನ ಹಿಂದಿನಿಂದ, ದಯವಿಟ್ಟು ಸುಮ್ಮನಿರಪ್ಪಾ ಎಂಬಂತೆ ಕಣ್ಣು ಮಿಟುಕಿಸಿದ.

"ಕಣ್ಣು ಬೇರೆ ಹೊಡೀತೀಯಾ? ನನ್ನ ಮಾಲಲ್ಲೇ ನನಗೂ ಪಾಲು ಕೊಡ್ತೀಯಾ? ಬಾ, ಪೊಲೀಸರ ಮುಂದೆ ಹೊಡಿ!"

ಬೀದಿಯ ಮೂಲೆಯಲ್ಲಿ ಸಾಹೇಬರ ಬಂದೋಬಸ್ತಿಗೆಂದು ಬಂದ ಪೇದೆ, ಕಾದು ಕಾದು ತೂಕಡಿಕೆ ಹತ್ತಿ, ಆಗ ತಾನೇ ಬೀದಿ ನಲ್ಲಿಯಲ್ಲಿ ಮುಖ ತೊಳೆದು ಕರ್ಚೀಫು ಹುಡುಕುತ್ತಿದ್ದ. ಆರ್ಟಿಸ್ಟ್ ಓಡಿಬಂದು ಅವನ ಬೆನ್ನಿಗೆ ಹೇಳಿದ: "ಸಾರ್, ದೊಡ್ಡ ಕಳ್ಳತನ ಆಗಿದೆ! ಒಂದು ಮೇಷ್ಟ್ರು, ಒಂದು ಲಾಂಡ್ರಿ, ಇಬ್ಬರೂ ಶಾಮೀಲು! ಕದ್ದವರನ್ನ ಹುಡುಕೋದು ಸುಲಭ, ಮೈಯೆಲ್ಲಾ ನೀಲಿ ಇರುತ್ತೆ!"

"ಎಲ್ಲಿ, ಯಾರು ನೀಲಿ?" ಎನ್ನುತ್ತ ಪೇದೆ ತಿರುಗಿದ. ಅವನ ನರೆತ ಮೀಸೆ ಎರಡೂ ಕಡೆ ನೀಲಿಯಾಗಿ ತೊಟ್ಟಿಕ್ಕುತ್ತಿತ್ತು.

ಆರ್ಟಿಸ್ಟ್ ನಾಲ್ಕು ಹೆಜ್ಜೆ ಹಿಂದೆ ಸರಿದ. "ಅಯ್ಯೋ, ಇಲಾಖೇನೂ ಸೇರ್ಕೊಂಡಿದೆ!"

ಈ ಗಲಾಟೆಗೆ ಬೀದಿಯೇ ಎದ್ದು ಬಂತು. ಒಬ್ಬರ ಕೈ ನೀಲಿ, ಒಬ್ಬರ ಹಲ್ಲು ನೀಲಿ, ಒಬ್ಬಳ ಹೆಗಲ ಮೇಲೆ ನೀಲಿಯಾದ ಹಾಸಿಗೆ ಬಟ್ಟೆ. ಮೇಷ್ಟ್ರು ಅಷ್ಟರಲ್ಲಿ ಕನ್ನಡಕ ಹಾಕಿಕೊಂಡು ಕನ್ನಡಿ ನೋಡಿದ್ದರು. ಗಡ್ಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಯಾರೋ ತೀರಿಕೊಂಡ ಮನೆಯಿಂದ ಬಂದವರಂತೆ ನಿಂತಿದ್ದರು.

"ನಲ್ಲೀಲಿ ನೀಲಿ ಬರ್ತಿದೆ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

"ಹೌದೌದು, ಸಿಕ್ಕಿಬಿದ್ದವರೆಲ್ಲ ನಲ್ಲಿ ಮೇಲೆ ಹಾಕಿ" ಎಂದ ಆರ್ಟಿಸ್ಟ್. "ನಲ್ಲೀಲಿ ಬಣ್ಣ ಬರೋ ಹಾಗಿದ್ರೆ ನಾನ್ಯಾಕೆ ಅಂಗಡಿಗೆ ಹೋಗ್ತಿದ್ದೆ? ಇಡೀ ಬೀದಿ ಸೇರ್ಕೊಂಡು ಒಂದೊಂದು ಚೊಂಬು ಹಂಚ್ಕೊಂಡಿದ್ದೀರಿ! ಅಕ್ಕಪಕ್ಕದವರು ಅಂತ ನಂಬಿದ್ದೆ ನಾನು!"

ಅವನ ಕಣ್ಣಲ್ಲಿ ನಿಜವಾಗಿಯೂ ನೀರು ತುಂಬಿತು. ಇಡೀ ಗುಂಪಿನಲ್ಲಿ ನೀಲಿಯಾಗದ ನೀರೆಂದರೆ ಅದೊಂದೇ.

ಇಂಜಿನಿಯರ್ ಇಳಿಜಾರಿನಲ್ಲಿ ಓಡಿಬಂದ. ಗುಂಪಿನ ಮುಖಗಳನ್ನು ಒಂದೊಂದಾಗಿ ನೋಡಿದ. ಅವನ ಮುಖವೊಂದೇ ಬಿಳಿಚಿಕೊಂಡಿತು. ಯಾರೂ ಹೇಳಬೇಕಾಗಿರಲಿಲ್ಲ, ಅವನು ಇಷ್ಟು ದಿನ ಹೆದರಿಕೊಂಡಿದ್ದದ್ದೇ ಎದುರಿಗೆ ಬಂದು ನಿಂತಿತ್ತು.

"ಯಾರಾದ್ರೂ ಪೈಪನ್ನ ಎಲ್ಲಾದ್ರೂ ಮುಳುಗಿಸಿಟ್ಟಿದ್ರಾ? ದಯವಿಟ್ಟು ಹೇಳಿ, ಬೈಯಲ್ಲ."

ಎಲ್ಲರೂ ತಲೆಯಲ್ಲಾಡಿಸಿದರು. ಎಲ್ಲರಿಗಿಂತ ಜೋರಾಗಿ ಆರ್ಟಿಸ್ಟ್ ಅಲ್ಲಾಡಿಸಿದ. "ನಿನ್ನ ಪೈಪಿನ ತಾಪತ್ರಯ ಆಮೇಲೆ ನೋಡ್ಕೋ ಮಾರಾಯ. ಇಲ್ಲಿ ನಿನ್ನ ಭಾವ ಲೂಟಿ ಆಗಿದ್ದಾನೆ."

"ಏನು ಹೋಯ್ತು ಭಾವ?"

"ಒಂದು ಡ್ರಮ್ ನೀಲಿ."

ಇಂಜಿನಿಯರ್ ಕಣ್ಣು ಮುಚ್ಚಿಕೊಂಡ. ಅವನ ಅಕ್ಕನಿಗೂ ಆಗಲೇ ಎಲ್ಲ ಹೊಳೆಯಿತು. ಖಾಲಿ ಡ್ರಮ್, ಇಟ್ಟಿಗೆ, ಕಳಚಿಬಿದ್ದ ಪೈಪು, ಎಲ್ಲವೂ ಕಣ್ಣ ಮುಂದೆ ಬಂದವು. ಗಂಡನ ಪಕ್ಕೆಗೆ ಬಲವಾಗಿ ಚಿವುಟಿದಳು. ಅಷ್ಟರಲ್ಲಿ ದೊಡ್ಡ ಸಾಹೇಬರ ಜೀಪು ಬಂದು ನಿಂತಿತು.

ಸಾಹೇಬರು ಇಳಿದರು. ಬರುವಾಗಲೇ ಬಾಯಲ್ಲಿ ನಾಲ್ಕು ಮಾತು ಸಿದ್ಧವಾಗಿದ್ದವು, ಅವನ್ನು ಆಡಿಬಿಟ್ಟರು. ನೀರೆಂದರೆ ಜೀವ ಎಂದರು, ಗೋಡೆ ಬರಹ ನೋಡಿ ಸಂತೋಷವಾಯಿತು ಎಂದರು. ನೀಲಿ ಜನರನ್ನು ನೋಡಿ, ಯಾವುದೋ ನಾಟಕದ ವೇಷ ಇರಬೇಕೆಂದು ಮುಗುಳ್ನಕ್ಕರು. ಜೊತೆಯವನೊಬ್ಬ, ಹೇಳಿಕೊಟ್ಟ ಪ್ರಕಾರ, ಬೀದಿ ನಲ್ಲಿಯಿಂದ ಗಾಜಿನ ಲೋಟದಲ್ಲಿ ನೀರು ಹಿಡಿದು ತಟ್ಟೆಯಲ್ಲಿಟ್ಟು ಮುಂದೆ ಚಾಚಿದ. ಸಾಹೇಬರು ಲೋಟ ಎತ್ತಿದರು. ಬಿಸಿಲಿಗೆ ಅದು ನೀಲಿ ಹರಳಿನಂತೆ ಹೊಳೆಯಿತು.

"ಏನಯ್ಯಾ ಇದು?" ಎಂದರು.

ಇಂಜಿನಿಯರ್ ಬಾಯಿ ಬಿಡುವ ಮೊದಲೇ ಆರ್ಟಿಸ್ಟ್ ಗುಂಪನ್ನು ಸೀಳಿಕೊಂಡು ಮುಂದೆ ಬಂದ. ಪೊಲೀಸರೂ ಕೈಬಿಟ್ಟ ಮೇಲೆ ಅವನಿಗೆ ಉಳಿದಿದ್ದದ್ದು ದೊಡ್ಡವರ ಆಸರೆಯೊಂದೇ. ಆದರೆ ಲೋಟ ಕಂಡದ್ದೇ ಅವನ ಎದೆಯೊಡೆಯಿತು.

"ಸಾರ್! ನಿಮ್ಮ ಕೈಲಿರೋದೂ ನನ್ನ ಮಾಲೇ!"

"ಏನಂದ್ರಿ?"

"ನೀವೂ ಒಂದು ಲೋಟ ತಗೊಂಡ್ರಲ್ಲಾ ಸಾರ್!"

ಹೆಂಡತಿ ಇನ್ನೊಮ್ಮೆ ಚಿವುಟಿದಳು. "ಯಾಕೇ ಚಿವುಟ್ತೀಯಾ? ಹೇಳ್ತಿದ್ದೀನಲ್ಲಾ" ಎಂದು ಅವನು ಎಲ್ಲರಿಗೂ ಕೇಳುವಂತೆ ಗದರಿ, ಸಾಹೇಬರಿಗೆ ಬಿಡಿಸಿ ಹೇಳತೊಡಗಿದ. ಯಾವ ಅಂಗಡಿಯ ಪುಡಿ, ಯಾವ ಹದದ ಅಂಟು. ಮೇಲಿಂದ ನೀರು ಬಿಟ್ಟರೆ ನೊರೆ ಏಳುವ ಕಷ್ಟ. "ಅದಕ್ಕೇ ಸಾರ್, ನಂದೇ ಒಂದು ಉಪಾಯ. ಯಾರಿಗೂ ಹೇಳಿಲ್ಲ, ನೀವು ದೊಡ್ಡವರು ಅಂತ ಹೇಳ್ತಿದ್ದೀನಿ. ಪೈಪಿಗೆ ಇಟ್ಟಿಗೆ ಕಟ್ಟಿ ಸೀದಾ ತಳಕ್ಕೆ ಮುಳುಗಿಸ್ಬಿಡ್ತೀನಿ. ಹಾಗೆ ಇಟ್ಟು ಹೋಗಿದ್ದೆ ಸಾರ್, ಬಂದು ನೋಡ್ತೀನಿ, ಖಾಲಿ!"

ಸಾಹೇಬರು ಲೋಟವನ್ನು ತಟ್ಟೆಗೆ ವಾಪಸ್ ಇಟ್ಟರು.

"ನಿಮ್ಮ ಹಿಂದೆ ಗೋಡೆ ಇದೆಯಲ್ಲ" ಎಂದರು ಸಾಹೇಬರು, ಬಹಳ ಮೆತ್ತಗೆ. "ಅದರ ಮೇಲೆ ಬರೆದವರು ಯಾರು?"

"ನಾನೇ ಸಾರ್!" ಎಂದು ಅವನು ಎದೆಯುಬ್ಬಿಸಿದ.

"ಒಂಚೂರು ಓದಿ."

ಆರ್ಟಿಸ್ಟ್ ತಿರುಗಿದ. ಕೈಯಲ್ಲಿ ಬ್ರಷ್ ಇರಲಿಲ್ಲವಾದ್ದರಿಂದ ಅಕ್ಷರಗಳು ಮೊದಲ ಬಾರಿಗೆ ಮಾತಾಡಿದವು. "ಪೈಪಿನ ತುದಿಯನ್ನು..." ಎಂದು ಗಟ್ಟಿಯಾಗಿ ಶುರುಮಾಡಿದ. "ನೀರಿನಲ್ಲಿ..." ಎನ್ನುವಾಗ ದನಿ ಇಳಿಯಿತು. "ಮುಳುಗಿಸ..." ಎಂಬಲ್ಲಿ ನಿಂತ. ಮುಂದಿನ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡ. ಆಮೇಲೆ ಬೀದಿಯ ಉದ್ದಕ್ಕೂ ಗೋಡೆಯಿಂದ ಗೋಡೆಗೆ ನೋಡಿದ. ಎಲ್ಲ ಗೋಡೆಗಳೂ ಅದನ್ನೇ ಹೇಳುತ್ತಿದ್ದವು, ಅವನದೇ ಮುತ್ತಿನಂಥ ಅಕ್ಷರದಲ್ಲಿ.

ಅವನು ಭಾವಮೈದುನನ ಕಡೆ ತಿರುಗಿದ. "ಇದನ್ನ ಮೊದಲೇ ಯಾರಾದ್ರೂ ನನಗೆ ಹೇಳ್ಬಾರ್ದಿತ್ತಾ?" ಎಂದ.

ನಕ್ಕವರು ಯಾರು ಎಂದು ಗೊತ್ತಾಗಲಿಲ್ಲ. ನಗು ಮಾತ್ರ ಇಳಿಜಾರಿನಲ್ಲಿ ಉರುಳಿಕೊಂಡು ಹೋಯಿತು. ಅದು ನಿಂತದ್ದು ಮೇಷ್ಟ್ರು ಮಾತಾಡಿದಾಗ. "ನಾನು ಎದೆ ಮಾತ್ರೆ ನುಂಗಿದ್ದು ಈ ನೀರಲ್ಲೇ" ಎಂದರು ಅವರು, ಸಣ್ಣ ದನಿಯಲ್ಲಿ.

ಆರ್ಟಿಸ್ಟ್ ಮೇಷ್ಟ್ರ ತುಟಿಯನ್ನು ನೋಡಿದ, ನೀಲಿಯಾಗಿತ್ತು. ಈ ಬಣ್ಣವನ್ನು ಅವನು ಎಷ್ಟೋ ಗೋಡೆಗೆ ಬಳಿದಿದ್ದ, ಮನುಷ್ಯರ ತುಟಿಯ ಮೇಲೆ ನೋಡಿರಲಿಲ್ಲ. "ಮೇಷ್ಟ್ರೇ, ನಿಮಗೇನೂ ಆಗಲ್ಲ ತಾನೇ? ಅಯ್ಯೋ, ನಾನು... ಮೇಷ್ಟ್ರೇ, ಕೂತ್ಕೊಳ್ಳಿ." ಅವರ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿದ. ನರ್ಸಮ್ಮ ಬಂದು ನಾಡಿ ಹಿಡಿದಳು, ಕಣ್ಣು ನೋಡಿದಳು, ನಾಲಿಗೆ ಚಾಚಿಸಿದಳು. ಅವಳು ಬಾಯಿ ಬಿಡುವವರೆಗೂ ಆರ್ಟಿಸ್ಟ್ ಅವರ ಇನ್ನೊಂದು ಕೈ ಬಿಡಲಿಲ್ಲ.

"ನಾಡಿ ಸರಿಯಾಗಿದೆ. ಸಂಜೆ ಆಸ್ಪತ್ರೆಗೆ ಬನ್ನಿ, ಡಾಕ್ಟ್ರಿಗೂ ತೋರಿಸೋಣ. ಅವರ ಕೋಟಿಗೂ ನಿಮ್ಮ ಗಡ್ಡಕ್ಕೂ ಮ್ಯಾಚ್ ಆಗುತ್ತೆ" ಎಂದಳು.

ಆಗ ಇಂಜಿನಿಯರ್ ಮುಂದೆ ಬಂದ. ಅವನಿಗೆ ಇನ್ನು ಕಳೆದುಕೊಳ್ಳುವುದೇನೂ ಉಳಿದಿರಲಿಲ್ಲ. "ಸಾರ್, ಇವರು ನಮ್ಮ ಭಾವ. ಹೇಳದೆ ಕೇಳದೆ ನೀರು ನಿಲ್ಸಿದ್ದು ನಾನು. ಇಬ್ಬರದೂ ತಪ್ಪೇ. ಆದ್ರೆ ಇವತ್ತು ಬಂದಿದ್ದು ನೀಲಿ, ಅದಕ್ಕೆ ಕಣ್ಣಿಗೆ ಕಾಣಿಸ್ತು. ನಾಳೆ ಇನ್ಯಾರದೋ ಮನೆಯಿಂದ ಬಣ್ಣ ಇಲ್ಲದ್ದು, ವಾಸನೆ ಇಲ್ಲದ್ದು ಬಂದ್ರೆ? ಗೋಡೆ ಮೇಲಿರೋದನ್ನ ಬರೆದವರೇ ಓದಿಲ್ಲ ಸಾರ್."

ಸಾಹೇಬರು ಲೋಟ ನೋಡಿದರು. ಅರೆಕ್ಷಣ ತಡವಾಗಿದ್ದರೆ ಅದು ಅವರ ಹೊಟ್ಟೆಯಲ್ಲಿರುತ್ತಿತ್ತು. ಗಂಟಲು ಸರಿಮಾಡಿಕೊಂಡು ಜನರ ಕಡೆ ತಿರುಗಿ, "ನಾನು ಮೊದಲಿಂದಲೂ ಇದನ್ನೇ ಬಡ್ಕೋತಿದ್ದೀನಿ" ಎಂದರು. "ಗೋಡೆ ಬರಹದಿಂದ ಏನೂ ಆಗಲ್ಲ. ಪ್ರತಿ ಮನೆಗೂ ಒನ್-ವೇ ವಾಲ್ವ್ ಬೇಕು ಅಂತ! ಯಾರು ಕೇಳ್ತಾರೆ ನನ್ನ ಮಾತು?" ಇಂಜಿನಿಯರನ ಬಾಯಿ ತೆರೆದದ್ದು ತೆರೆದೇ ಇತ್ತು. ಅದಕ್ಕೆ ಬೆರಳು ತೋರಿಸಿ ಸಾಹೇಬರು ಮುಂದುವರಿದರು: "ಈ ಬೀದೀಲಿ ಕೊನೇ ವಾಲ್ವ್ ಕೂರೋ ತನಕ ಈ ಮನುಷ್ಯ ಇಲ್ಲಿಂದ ಅಲ್ಲಾಡಕೂಡದು. ನಾನೇ ಬಂದು ನೋಡ್ತೀನಿ. ಎಲ್ಲಾ ಸರಿ ಇದ್ರೆ ಕಾಯಂ. ಒಂದೇ ಒಂದು ಮನೇಲಿ ನೀರು ತಪ್ಪು ದಾರಿ ಹಿಡೀತೋ, ಅವತ್ತೇ ಮನೆಗೆ."

"ಅಲ್ಲಾ, ನನ್ನ ಕೇಸು?" ಎಂದ ಆರ್ಟಿಸ್ಟ್ ಪೇದೆಯನ್ನು ಹಿಡಿದುಕೊಂಡು.

ಪೇದೆ ನೀಲಿ ಮೀಸೆ ಹಿಂಡಿದ. "ದೂರು ಕೊಟ್ಟೋರೂ ನೀವೇ, ಕದ್ದಿದ್ದೂ ನಿಮ್ಮ ಪೈಪೇ. ಯಾರನ್ನ ಎಳ್ಕೊಂಡು ಹೋಗ್ಲಿ ಹೇಳಿ."

ಅಂದು ಮಧ್ಯಾಹ್ನದವರೆಗೂ, ನೀರು ತಿಳಿಯಾಗುವ ತನಕ, ಬೀದಿಯ ನಲ್ಲಿಗಳೆಲ್ಲ ಹರಿದವು. ಆರ್ಟಿಸ್ಟ್ ಮೇಷ್ಟ್ರ ಗಡ್ಡವನ್ನು ತಾನೇ ತೊಳೆದ. ಹೆಂಡತಿ ಅವನ ಜೊತೆ ಮಾತು ಬಿಟ್ಟಳು. ಬ್ರಷ್‌ಗಳು ಅಂಗಳಕ್ಕೆ ಬಂದವು, ಅವನ ಹಾಸಿಗೆಯೂ ಅವುಗಳ ಪಕ್ಕಕ್ಕೆ ಬಂತು. ಕೊನೆಗೆ ತಮ್ಮನೇ ಬಂದು ಅಕ್ಕನನ್ನು ಒಪ್ಪಿಸಿದ. "ಹೋಗ್ಲಿ ಬಿಡಕ್ಕಾ. ಭಾವ ಇಲ್ದಿದ್ರೆ ಈ ಜನ್ಮದಲ್ಲಿ ವಾಲ್ವ್ ಸಿಕ್ತಿರ್ಲಿಲ್ಲ."

ಅಷ್ಟೇ ಅಲ್ಲ, ಪಾಪವೆನಿಸಿ ಭಾವನಿಗೆ ಒಂದು ಕೆಲಸವನ್ನೂ ಕೊಟ್ಟ. ವಾಲ್ವುಗಳು ಬಂದಿಳಿದಿದ್ದವು. ಅವನ್ನು ಕೂರಿಸುವವರು ಬೇರೆ ಊರಿನವರು. ಯಾವ ಗೋಡೆಯಲ್ಲಿ ಕೊಳವೆ ಎತ್ತ ಹೋಗುತ್ತದೆಂದು ಅವರಿಗೆ ತಿಳಿಯದು. ಆದ್ದರಿಂದ ಪ್ರತಿ ಮನೆಯ ಕೊಳಾಯಿಯ ಪಕ್ಕದ ಗೋಡೆಯ ಮೇಲೆ, ನೀರು ಹೋಗಬೇಕಾದ ದಿಕ್ಕಿಗೆ ಒಂದು ಬಾಣ ಬರೆಯಬೇಕು. ಅದನ್ನು ನೋಡಿಕೊಂಡು ಅವರು ವಾಲ್ವ್ ಕೂರಿಸುತ್ತಾರೆ. ಅಕ್ಷರವಿಲ್ಲ, ಓದುವ ಗೊಡವೆಯಿಲ್ಲ. ತಪ್ಪಾಗಲು ದಾರಿಯೇ ಇಲ್ಲವೆಂದು ಇಂಜಿನಿಯರ್ ನಿಶ್ಚಿಂತೆಯಿಂದ ಇದ್ದ.

ವಾಲ್ವುಗಳೆಲ್ಲ ಕೂತು, ಸಾಹೇಬರ ಜೀಪು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಾಗ, ಲಾಂಡ್ರಿಯ ಯಜಮಾನ ಖಾಲಿ ಬಕೆಟ್ ಹಿಡಿದು ಓಡಿಬಂದ. ಅವನ ನಲ್ಲಿಯಲ್ಲಿ ಒಂದು ಹನಿ ನೀರಿಲ್ಲ. ಮೇಷ್ಟ್ರ ಮನೆಯಲ್ಲಿ ಬರುತ್ತಿದೆ, ಲಾಂಡ್ರಿಯಲ್ಲಿ ಇಲ್ಲ, ಅದರಾಚೆ ಬರುತ್ತಿದೆ, ಅದರಾಚೆ ಇಲ್ಲ. ಇಂಜಿನಿಯರ್ ಮನೆಯಿಂದ ಮನೆಗೆ ಓಡಿ ಗೋಡೆಗಳನ್ನು ನೋಡಿದ. ಬಾಣಗಳು ಒಂದಕ್ಕಿಂತ ಒಂದು ಸೊಗಸಾಗಿದ್ದವು. ಒಂದು ಮನೆಯೊಳಕ್ಕೆ ತಿರುಗಿತ್ತು, ಮುಂದಿನದು ಬೀದಿಯ ಕಡೆಗೆ, ಅದರ ಮುಂದಿನದು ಮತ್ತೆ ಒಳಕ್ಕೆ. ಕೊನೆಯ ಬಾಣಕ್ಕೆ ಆರ್ಟಿಸ್ಟ್ ಇನ್ನೂ ನೆರಳು ತುಂಬುತ್ತಿದ್ದ.

"ಭಾವ!" ಎಂದ ಇಂಜಿನಿಯರ್. ಅವನ ದನಿಯಲ್ಲಿ ಅಳುವೂ ಇತ್ತು. "ಬಾಣ ಯಾವ ಕಡೆಗೆ ಬರೀಬೇಕು ಅಂತ ಹೇಳಿದ್ದೆ ನಾನು? ನೀವು ಯಾವ ಕಡೆಗೆ ಬರೆದಿದ್ದೀರಿ?"

ಆರ್ಟಿಸ್ಟ್ ಬ್ರಷ್ ಎತ್ತಿ, ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ಬೀದಿಯ ಉದ್ದಕ್ಕೂ ನೋಡಿದ.

"ನೋಡೋಕೆ ಚೆನ್ನಾಗಿರೋ ಕಡೆಗೆ" ಎಂದ.